ಮುಳುಗುವ ಮೊದಲು ಮುಚ್ಚಳ ನೋಡಿ

ಮುರ್ಡೇಶ್ವರದ ದಡದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಅಕ್ಟೋಬರ್‌ನಿಂದ ಮೇ ತನಕ, ಗಾಳಿ ತಗ್ಗಿದ ದಿನಗಳಲ್ಲಿ, ಬೆಳಗಿನ ಹೊತ್ತು ಹೊರಡುವ ಸ್ಕೂಬಾ ಬೋಟುಗಳಲ್ಲಿ ಘಟ್ಟದ ಮೇಲಿನಿಂದ ಬಂದವರೇ ಹೆಚ್ಚು. ಈಜು ಬಾರದವರೂ ಅವರಲ್ಲಿರುತ್ತಾರೆ. 2022ರ ಅಕ್ಟೋಬರ್ 28ರಂದು ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಈ ನೀರಿಗೆ ಇಳಿದದ್ದನ್ನು ನೋಡಿದ ಎಷ್ಟೋ ಮಂದಿಗೆ, ಭಟ್ಕಳ ತಾಲ್ಲೂಕಿನ ಈ ನಡುಗಡ್ಡೆಯ ಬುಡದಲ್ಲಿ ಹವಳವಿದೆ, ಗಿಣಿಮೀನು, ಚಿಟ್ಟೆಮೀನುಗಳ ಹಿಂಡಿದೆ ಅನ್ನುವುದು ಅವತ್ತೇ ಗೊತ್ತಾಯಿತು. ಹಾಗೆ ಕಂಡದ್ದನ್ನು ತಾವೂ ಚಿತ್ರದಲ್ಲಿ ಹಿಡಿದು ಮನೆಗೆ ತರಬೇಕು ಅನ್ನಿಸುವುದು ಸಹಜ. ಆ ಆಸೆಯ ಜೊತೆಗೆ ಒಂದು ಲೆಕ್ಕವೂ ಬೇಕು.

ಬರುವವರಲ್ಲಿ ಅನೇಕರ ಕೈಯಲ್ಲಿ ಅಂಗೈ ಅಗಲದ ಆ್ಯಕ್ಷನ್ ಕ್ಯಾಮೆರಾ ಇರುತ್ತದೆ. ಅದರ ಪೆಟ್ಟಿಗೆಯ ಮೇಲೆ ‘ವಾಟರ್‌ಪ್ರೂಫ್’ ಎಂಬ ದೊಡ್ಡಕ್ಷರ. ಗೋಪ್ರೋ ಕ್ಯಾಮೆರಾವನ್ನು 2016ರಲ್ಲಿ ಬಂದ ಹೀರೋ-5 ಬ್ಲ್ಯಾಕ್ ಮಾದರಿಯಿಂದ ಈಚೆಗೆ ಕವಚವಿಲ್ಲದೆಯೇ ನೀರಿಗೆ ಇಳಿಸಬಹುದು, ನಿಜ. ಆದರೆ ಅದು ಹೆಚ್ಚಿನ ಮಾದರಿಗಳಲ್ಲಿ 10 ಮೀಟರ್ ಆಳದವರೆಗೆ. ಮೊದಲ ಸಲ ಸ್ಕೂಬಾ ಮಾಡುವವರನ್ನು ತರಬೇತುದಾರರು ಕರೆದೊಯ್ಯಬಹುದಾದ ಗರಿಷ್ಠ ಆಳ 12 ಮೀಟರ್. ಕಾಗದದ ಮೇಲೆ ಎರಡೇ ಮೀಟರಿನ ವ್ಯತ್ಯಾಸ. ಆ ಎರಡು ಮೀಟರಿಗಾಗಿಯೇ ಕಂಪನಿಗಳು 60 ಮೀಟರ್ ತಡೆಯುವ ಪ್ರತ್ಯೇಕ ಕವಚವನ್ನು ಮಾರುತ್ತವೆ. ಇದನ್ನೇ ಡೈವಿಂಗ್ ಮಾಡುವವರು ಹೌಸಿಂಗ್ ಅನ್ನುತ್ತಾರೆ. ದೊಡ್ಡ ಡಿಎಸ್ಎಲ್ಆರ್, ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೌಸಿಂಗ್ ಇಲ್ಲದೆ ನೀರೇ ಇಲ್ಲ.

ಮೊಬೈಲ್ ಫೋನಿನ ವಿಷಯದಲ್ಲಿ ಮೋಸ ಹೋಗುವವರು ಇನ್ನೂ ಹೆಚ್ಚು. ಫೋನಿನ ಐಪಿ68 ಅಂಕೆ ಪ್ರಯೋಗಾಲಯದ ಸಿಹಿನೀರಿನಲ್ಲಿ, ಅಲುಗದ ನೀರಿನಲ್ಲಿ, ಕಂಪನಿ ಹೇಳಿದಷ್ಟು ಆಳಕ್ಕೆ, ಹೇಳಿದಷ್ಟು ಹೊತ್ತಿಗೆ ಸಿಕ್ಕ ಅಂಕೆ. ಅಲೆ ಹೊಡೆಯುವ ಉಪ್ಪುನೀರಿಗೂ ಅದಕ್ಕೂ ಸಂಬಂಧವಿಲ್ಲ. ನೀರು ಹೋಗಿ ಕೆಟ್ಟ ಫೋನನ್ನು ವಾರಂಟಿಯಲ್ಲಿ ಸರಿ ಮಾಡಿಕೊಡುವುದಿಲ್ಲ ಅಂತ ಅವೇ ಕಂಪನಿಗಳು ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಕೊರಳಿಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ ದಡದ ಅಲೆಯಲ್ಲಿ ಆಡುವಾಗ ಸಾಕು. ಅದನ್ನು ಸ್ಕೂಬಾಕ್ಕೆ ಒಯ್ಯಬಾರದು.

ಹತ್ತು ಮೀಟರ್ ಇಳಿದಂತೆಲ್ಲ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತ ಹೋಗುತ್ತದೆ. ಒರಟು ಲೆಕ್ಕದಲ್ಲಿ, 10 ಮೀಟರಿನಲ್ಲಿ ಹೌಸಿಂಗಿನ ಪ್ರತಿ ಚದರ ಸೆಂಟಿಮೀಟರ್ ಮೇಲೆ ಒಂದು ಕಿಲೋ ಭಾರ. ಏಳು ಸೆಂಟಿಮೀಟರ್ ಉದ್ದ, ಆರು ಅಗಲದ ಸಣ್ಣ ಮುಚ್ಚಳದ ಮೇಲೆ ನಲವತ್ತು ಕಿಲೋ ದಾಟಿತು. ದೊಡ್ಡ ಹೌಸಿಂಗಿನ ಹಿಂಬದಿ 15 ಸೆಂಟಿಮೀಟರ್‌ಗೆ 12 ಇದ್ದರೆ, 30 ಮೀಟರ್ ಆಳದಲ್ಲಿ ಅದರ ಮೇಲೆ ಐನೂರು ಕಿಲೋಗೂ ಮಿಕ್ಕಿದ ಭಾರ. ಇಷ್ಟು ಕೇಳಿದವರಿಗೆ ಆಳಕ್ಕೆ ಹೋದಂತೆ ಸೋರಿಕೆ ಜಾಸ್ತಿ ಅನ್ನಿಸುತ್ತದೆ. ಆಗುವುದು ಬೇರೆ. ಆ ಭಾರವೇ ಮುಚ್ಚಳವನ್ನು ಒಳಕ್ಕೆ ಒತ್ತಿ, ನಡುವಿನ ರಬ್ಬರನ್ನು ಅಮುಕಿ, ಸಂದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೆಚ್ಚಿನ ಸೋರಿಕೆ ಆಗುವುದು ಮೇಲಿನ ಎರಡು ಮೂರು ಮೀಟರಿನಲ್ಲಿ. ಅಲ್ಲಿ ಒತ್ತುವ ಭಾರ ಇನ್ನೂ ಸಾಲದು, ಅಲೆಯ ಹೊಡೆತ ಮಾತ್ರ ಇದೆ. ಬೋಟಿನ ಅಂಚಿನಿಂದ ಕ್ಯಾಮೆರಾ ಹಿಡಿದುಕೊಂಡೇ ಹಿಮ್ಮುಖ ಉರುಳಿ ನೀರಿಗೆ ಬಿದ್ದರೆ ಆ ಏಟು ಮುಚ್ಚಳದ ಅಂಚಿಗೇ ಬೀಳುತ್ತದೆ. ಮೊದಲು ನೀವು ಇಳಿಯಿರಿ. ಆಮೇಲೆ ಬೋಟಿನವರಿಂದ ಕ್ಯಾಮೆರಾ ಈಸಿಕೊಳ್ಳಿ.

ಹಾಗಾಗಿ ನಾನು ಒತ್ತಿ ಹೇಳುವುದು ಇಷ್ಟು: ನೇತ್ರಾಣಿಯಲ್ಲಿ ಸೋರುವ ಹೌಸಿಂಗ್ ಹಿಂದಿನ ರಾತ್ರಿ ಮುರ್ಡೇಶ್ವರದ ಲಾಡ್ಜಿನ ಮೇಜಿನ ಮೇಲೆಯೇ ಸೋರಲು ತಯಾರಾಗಿರುತ್ತದೆ. ತಯಾರಿಕೆಯ ದೋಷದಿಂದ ಒಡೆಯುವ ಕವಚ ಅಪರೂಪ. ಒಂದು ಕೂದಲು, ಒಂದು ಮರಳಿನ ಕಣ, ಮುಚ್ಚುವಾಗಿನ ಅವಸರ ಇವು ಮೂರೇ ಹೆಚ್ಚಿನ ಕ್ಯಾಮೆರಾಗಳನ್ನು ಮುಳುಗಿಸುತ್ತವೆ.

ಒಂದು ರಬ್ಬರ್ ಉಂಗುರ

ಹೌಸಿಂಗಿನ ಬಾಗಿಲಿನ ಸುತ್ತ ಕೊರೆದ ಕಾಲುವೆಯಲ್ಲಿ ಕೂರುವ ರಬ್ಬರ್ ಉಂಗುರಕ್ಕೆ ಓ-ರಿಂಗ್ ಅನ್ನುತ್ತಾರೆ. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್ಸೆನ್ ಎಂಬ ಯಂತ್ರತಜ್ಞ ಇದಕ್ಕೆ 1937ರಲ್ಲಿ ಅರ್ಜಿ ಹಾಕಿ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಎರಡನೇ ಮಹಾಯುದ್ಧದ ವಿಮಾನಗಳಿಂದ ಹಿಡಿದು ಇವತ್ತಿನ ನಲ್ಲಿಯವರೆಗೆ ಅದು ಇಲ್ಲದ ಯಂತ್ರವಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಮಂದಿಯೊಂದಿಗೆ ಆಕಾಶದಲ್ಲಿ ನಾಶವಾದಾಗ ತನಿಖೆ ಬಂದು ನಿಂತದ್ದು ರಾಕೆಟ್ಟಿನ ಒಂದು ಸಂದಿನ ಓ-ರಿಂಗ್ ಮೇಲೆ. ಚಳಿಗೆ ರಬ್ಬರ್ ಬಿರುಸಾಗಿ, ಹಿಗ್ಗಿ ಸಂದು ತುಂಬುವ ಗುಣ ಕಳೆದುಕೊಂಡಿತ್ತು. ನಮ್ಮ ಕಡಲಿನಲ್ಲಿ ಆ ಚಳಿಯಿಲ್ಲ. ಆದರೆ ವಯಸ್ಸು, ಬಿಸಿಲು, ಉಪ್ಪು ಸೇರಿ ರಬ್ಬರಿಗೆ ಅದೇ ಬಿರುಸು ತರುತ್ತವೆ.

ಓ-ರಿಂಗ್ ಕೆಲಸ ಮಾಡುವುದು ತನ್ನ ಮೆತ್ತನೆಯ ಗುಣದಿಂದ. ಮುಚ್ಚಳ ಬಿಗಿದಾಗ ಅದು ಸ್ವಲ್ಪ ಚಪ್ಪಟೆಯಾಗಿ ಎರಡೂ ಕಡೆಯ ಪ್ಲಾಸ್ಟಿಕ್ಕನ್ನೋ ಲೋಹವನ್ನೋ ಅಪ್ಪಿಕೊಳ್ಳುತ್ತದೆ. ಆ ಅಪ್ಪುಗೆಯ ಉದ್ದಕ್ಕೂ ಎಲ್ಲಿಯೂ ಬಿರುಕು ಇರಕೂಡದು. ಮುರ್ಡೇಶ್ವರ, ಹೊನ್ನಾವರದ ಮೀನುಗಾರಿಕೆ ಬೋಟುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೊರಬರುವ ಜಾಗಕ್ಕೆ ಗ್ರೀಸ್ ಹಚ್ಚಿದ ಹಗ್ಗ ತುಂಬಿ ಗ್ಲ್ಯಾಂಡ್ ಬಿಗಿಯುತ್ತಾರೆ. ಅಲ್ಲಿ ಹನಿ ಹನಿ ನೀರು ಬಂದರೂ ಹೊರಹಾಕಲು ಪಂಪಿದೆ. ಕ್ಯಾಮೆರಾಕ್ಕೆ ಆ ಪಂಪಿಲ್ಲ. ಅದಕ್ಕೆ ಒಂದೇ ಹನಿ ಸಾಕು.

ಓ-ರಿಂಗ್ ಪರೀಕ್ಷೆ ಬೆರಳ ತುದಿಯ ಕೆಲಸ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ತಲೆಗೆ ಹಚ್ಚಿದ ತೆಂಗಿನೆಣ್ಣೆ, ಮುಖಕ್ಕೆ ಬಳಿದ ಸನ್‌ಸ್ಕ್ರೀನ್ ಬೆರಳಲ್ಲಿ ಉಳಿದಿರಬಾರದು. ಕಾಲುವೆಯಲ್ಲಿ ಕೂತ ಉಂಗುರವನ್ನು ಎರಡು ಹೆಬ್ಬೆರಳಿನಿಂದ ಎದುರುಬದುರು ತಳ್ಳಿದರೆ ಒಂದು ಕಡೆ ಸಣ್ಣ ಕುಣಿಕೆಯಂತೆ ಮೇಲೇಳುತ್ತದೆ. ಅಲ್ಲಿ ಹಿಡಿದು ಎತ್ತಬೇಕು. ಏಳದಿದ್ದರೆ ಹಳೆಯ ಎಟಿಎಂ ಕಾರ್ಡಿನ ಮೂಲೆ ಸಾಕು. ಪಿನ್ನು, ಸೂಜಿ, ಚಾಕು ಮುಟ್ಟಿಸಲೇಬಾರದು. ಉಂಗುರಕ್ಕೆ ಆದ ಗೀರಿಗಿಂತ ಕಾಲುವೆಯ ತಳಕ್ಕೆ ಆದ ಗೀರು ದುಬಾರಿ. ಉಂಗುರ ಬದಲಿಸಬಹುದು, ಹೌಸಿಂಗಿನ ಮೈ ಬದಲಿಸಲಾಗದು.

ಹೊರತೆಗೆದ ಉಂಗುರವನ್ನು ಸಿಹಿನೀರಿನಲ್ಲಿ ಅಲುಬಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನ ಸರಿಸುತ್ತ ಒಂದು ಸುತ್ತು ಬನ್ನಿ. ಕಣ್ಣಿಗೆ ಕಾಣದ ಮರಳಿನ ಕಣ ಬೆರಳಿಗೆ ಚುಚ್ಚುತ್ತದೆ. ಸಣ್ಣ ಕೊಯ್ತವಿದ್ದರೆ ಚರ್ಮ ಅಲ್ಲಿ ತಡೆಯುತ್ತದೆ. ಎಳೆಯಬೇಡಿ, ಹಿಗ್ಗಿಸಬೇಡಿ. ಕೊಯ್ತವೋ ಚಪ್ಪಟೆಯೋ ಕಂಡರೆ ಅದನ್ನು ಎಸೆದು ಹೊಸದು ಹಾಕಿ. ಕಾಲುವೆಯನ್ನೂ, ಮುಚ್ಚಳದಲ್ಲಿ ಉಂಗುರ ತಾಗುವ ನುಣುಪು ಅಂಚನ್ನೂ ಎಳೆ ಬಿಡದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು. ಹತ್ತಿಯ ಕಡ್ಡಿಯಲ್ಲಿ ಒರೆಸಿದರೆ ಹತ್ತಿಯ ಎಳೆಯೇ ಅಲ್ಲಿ ಉಳಿದು ನೀರಿಗೆ ದಾರಿಯಾಗುತ್ತದೆ.

ಗ್ರೀಸಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ನೀರು ತಡೆಯುವುದು ರಬ್ಬರು. ಗ್ರೀಸು ಇರುವುದು ಮುಚ್ಚುವಾಗ ರಬ್ಬರು ತಿರುಚಿಕೊಳ್ಳದೆ ಜಾರಿ ತನ್ನ ಜಾಗಕ್ಕೆ ಕೂರಲಿ ಅಂತ. ಅಕ್ಕಿಕಾಳಿನಷ್ಟು ತೆಗೆದು ಉಂಗುರಕ್ಕೆಲ್ಲ ಸವರಿದಾಗ ಹೊಳಪು ಬರಬೇಕು, ಮುದ್ದೆ ಕಾಣಬಾರದು. ಹೆಚ್ಚು ಬಳಿದರೆ ಕಡಲ ದಡದ ಮರಳು, ಟವೆಲಿನ ಎಳೆ ಎಲ್ಲವೂ ಅದಕ್ಕೇ ಅಂಟುತ್ತವೆ. ಕಪ್ಪು ನೈಟ್ರೈಲ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸರಿ. ಉಂಗುರವೇ ಸಿಲಿಕೋನಿನದಾಗಿದ್ದರೆ ಅದೇ ಗ್ರೀಸ್ ಅದನ್ನು ಉಬ್ಬಿಸುತ್ತದೆ, ಆದ್ದರಿಂದ ಆ ಹೌಸಿಂಗಿನ ಕಂಪನಿ ಹೇಳಿದ ಗ್ರೀಸನ್ನೇ ಬಳಸಬೇಕು. ಆ್ಯಕ್ಷನ್ ಕ್ಯಾಮೆರಾಗಳ ಚಪ್ಪಟೆ ಸೀಲಿಗೆ ಸಾಮಾನ್ಯವಾಗಿ ಗ್ರೀಸೇ ಬೇಡ, ಶುಚಿಯಾಗಿದ್ದರೆ ಸಾಕು. ವ್ಯಾಸಲಿನ್, ತೆಂಗಿನೆಣ್ಣೆ, ಗ್ಯಾರೇಜಿನ ಗ್ರೀಸು ಯಾವುದಕ್ಕೂ ಬೇಡ.

ಮುಚ್ಚುವ ಜಾಗವೂ ಮುಖ್ಯ. ಬೋಟಿನಲ್ಲಿ, ಒದ್ದೆ ಕೈಯಲ್ಲಿ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗ ಹೌಸಿಂಗ್ ತೆರೆಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ರಾತ್ರಿ ಕೋಣೆಯಲ್ಲಿ ಬ್ಯಾಟರಿ ತುಂಬಿಸಿ, ಖಾಲಿ ಕಾರ್ಡ್ ಹಾಕಿ, ಫ್ಯಾನ್ ನಿಲ್ಲಿಸಿ, ಬೆಳಕಿಗೆ ಹಿಡಿದು ಮುಚ್ಚಿ. ಕ್ಯಾಮೆರಾದ ಪಟ್ಟಿಯೋ ಸಿಲಿಕಾ ಜೆಲ್ ಪೊಟ್ಟಣದ ಮೂಲೆಯೋ ಸಂದಿನಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಪಾರದರ್ಶಕ ಮುಚ್ಚಳವಾದರೆ ಸುತ್ತಲೂ ಒಂದೇ ಅಗಲದ ಗೆರೆ ಕಾಣಬೇಕು. ಎಲ್ಲಿ ಗೆರೆ ತೆಳುವಾಯಿತೋ ಅಲ್ಲಿ ಕೂದಲಿದೆ.

ಮಂಜೋ, ಸೋರಿಕೆಯೋ?

ಕರಾವಳಿಯಲ್ಲಿ ಸೋರಿಕೆಯೆಂದು ಹೆದರಿಸುವ ಅರ್ಧದಷ್ಟು ಪ್ರಸಂಗ ಬರಿಯ ಆವಿಯದ್ದು ಅನ್ನುವುದು ನನ್ನ ಅಂದಾಜು. 31 ಡಿಗ್ರಿ ಸೆಕೆಯಲ್ಲಿ, ಮುಕ್ಕಾಲು ಪಾಲು ತೇವ ತುಂಬಿದ ಕಡಲಗಾಳಿಯಲ್ಲಿ ಮುಚ್ಚಿದ ಹೌಸಿಂಗ್ ಒಳಗೆ ಘನ ಮೀಟರಿಗೆ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಗಾಜು 26 ಡಿಗ್ರಿಗೆ ತಣಿದರೆ ಅದು ಹನಿಯಾಗತೊಡಗುತ್ತದೆ. ಆಳದಲ್ಲಿ ಒಂದು ತಣ್ಣನೆಯ ಪದರ ಸಿಕ್ಕರೆ ಅಷ್ಟು ಸಾಕು. ಅದೇ ಹೌಸಿಂಗನ್ನು 24 ಡಿಗ್ರಿಯ ಒಣ ಎಸಿ ಕೋಣೆಯಲ್ಲಿ ಮುಚ್ಚಿದ್ದರೆ ಒಳಗಿನ ಆವಿ 11 ಗ್ರಾಂ ಆಸುಪಾಸು. ನೇತ್ರಾಣಿಯ ನೀರು ಅದನ್ನು ಮಂಜಾಗಿಸಲಾರದು. ಎಸಿ ಇಲ್ಲದಿದ್ದರೆ ಒಣಗಿದ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬೋಟಿನಲ್ಲಿ ಕ್ಯಾಮೆರಾವನ್ನು ಒದ್ದೆ ಟವೆಲಿನಡಿ ನೆರಳಿನಲ್ಲಿಡಿ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಲೆನ್ಸಿನ ಮುಂದಿನ ಗಾಜಿಗೆ ಮಸುಕು ಹಬ್ಬಿದ್ದು ಆವಿ. ತಳದಲ್ಲಿ ನಿಂತು, ಓಲಾಡಿಸಿದರೆ ಓಡಾಡುವುದು ಸೋರಿಕೆ. ದಡಕ್ಕೆ ಬಂದು ತೆರೆದ ಮೇಲೆ ಒಂದು ಹನಿಯನ್ನು ನಾಲಗೆಗೆ ತಾಗಿಸಿ. ಉಪ್ಪಾಗಿದ್ದರೆ ಕಡಲು ಒಳಬಂದಿದೆ. ಸಪ್ಪೆಯಾಗಿದ್ದರೆ ಅದು ನೀವೇ ಕೋಣೆಯಿಂದಲೋ ಬೋಟಿನಿಂದಲೋ ತುಂಬಿ ತಂದ ಗಾಳಿ.

ನೀರಿನೊಳಗೆ ಕ್ಯಾಮೆರಾದಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದ್ದರೆ ಒಳಗಿನ ಗಾಳಿ ಹೊರಬರುತ್ತಿದೆ, ಅದರ ಜಾಗಕ್ಕೆ ನೀರು ಹೋಗುತ್ತಿದೆ ಎಂದರ್ಥ. ಲೆನ್ಸಿನ ಗಾಜು ಕೆಳಮುಖವಾಗುವಂತೆ ಹಿಡಿಯಿರಿ, ಆಗ ನೀರು ಅಲ್ಲಿ ನಿಂತು ಕ್ಯಾಮೆರಾದ ಮೈಗೆ ತಡವಾಗಿ ತಲುಪುತ್ತದೆ. ಜೊತೆಗಾರರಿಗೆ ಸನ್ನೆ ಮಾಡಿ. ಮೇಲೆ ಬರುವುದು ಮಾತ್ರ ಮಾಮೂಲಿ ವೇಗದಲ್ಲಿ: ನಿಮಿಷಕ್ಕೆ 9 ಮೀಟರಿಗಿಂತ ಬೇಗ ಬೇಡ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನೂ ಬಿಡಬೇಡಿ. ಉಸಿರು ಹಿಡಿದು ಸರ್ರನೆ ಮೇಲೇರಿದವರ ಶ್ವಾಸಕೋಶ ಹರಿಯಬಹುದು. ಲಕ್ಷ ರೂಪಾಯಿಯ ಕ್ಯಾಮೆರಾಗೂ ಆ ಬೆಲೆ ಇಲ್ಲ.

ಬೋಟಿಗೆ ಬಂದ ಮೇಲೆ ಹೊರಮೈ ಒರೆಸಿ, ಮುಖದಿಂದ ದೂರ ಹಿಡಿದು, ಕೊಂಡಿಯನ್ನು ನಿಧಾನ ಸಡಿಲಿಸಿ. ಉಪ್ಪುನೀರು ಬ್ಯಾಟರಿಗೆ ತಾಗಿದರೆ ಅನಿಲ ಹುಟ್ಟಿ ಒಳಗೆ ಒತ್ತಡ ಕಟ್ಟಿರಬಹುದು. ಸ್ವಿಚ್ ಒತ್ತಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಚಟ ಬೇಡವೇ ಬೇಡ, ಸುಟ್ಟುಹೋಗುವುದು ಆಗಲೇ. ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆಯಿರಿ. ಕಾರ್ಡನ್ನು ಶುದ್ಧ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರೆ ಚಿತ್ರಗಳು ಬಹುಮಟ್ಟಿಗೆ ಉಳಿಯುತ್ತವೆ. ಕ್ಯಾಮೆರಾಗೆ ನಾಲ್ಕು ಹನಿ ತಾಗಿದ್ದರೆ ತಕ್ಷಣ ಒರೆಸಿ ಒಣಗಿಸುವುದೇ ಸಾಕಾಗಬಹುದು. ಪೂರ್ತಿ ಮುಳುಗಿದ್ದರೆ ಉಪ್ಪು ಒಣಗಿ ಹರಳಾಗಲು ಬಿಡದೆ ಸಿಹಿನೀರಿನಲ್ಲಿ ತೊಳೆಯಬೇಕು, ಡಿಸ್ಟಿಲ್ಡ್ ನೀರು ಸಿಕ್ಕರೆ ಒಳ್ಳೆಯದು. ಒಣಗಿದ ಉಪ್ಪು ಗಾಳಿಯ ತೇವ ಹೀರಿ ದಿನಗಟ್ಟಲೆ ತಾಮ್ರದ ಗೆರೆಗಳನ್ನು ತಿನ್ನುತ್ತಲೇ ಇರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ, ಅಕ್ಕಿಯ ಹಿಟ್ಟು ಸೇರಿಕೊಳ್ಳುತ್ತದೆ ಅಷ್ಟೆ. ಆಮೇಲೆ ಉಳಿದದ್ದು ರಿಪೇರಿಯವರ ಕೆಲಸ, ಅದಕ್ಕೆ ಮಂಗಳೂರಿನತ್ತಲೋ ಹುಬ್ಬಳ್ಳಿಯತ್ತಲೋ ಕೆಲವು ತಾಸಿನ ದಾರಿ ಹಿಡಿಯಬೇಕು.

ಎಲ್ಲಿಂದ ಸೋರಿತು ಅನ್ನುವುದನ್ನು ಪತ್ತೆ ಹಚ್ಚದೆ ಮತ್ತೆ ಅದೇ ಹೌಸಿಂಗನ್ನು ನಂಬಬಾರದು. ಕ್ಯಾಮೆರಾ ಹೊರಗಿಟ್ಟು, ಒಳಗೋಡೆಯ ಸುತ್ತ ಟಿಶ್ಯೂ ಕಾಗದ ಅಂಟಿಸಿ ಮುಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಂಡಿಗಳನ್ನೆಲ್ಲ ಒತ್ತಿ, ಹಿಡಿಗಳನ್ನೆಲ್ಲ ತಿರುಗಿಸಿ. ಗುಳ್ಳೆ ಎದ್ದ ಜಾಗ, ಕಾಗದ ಒದ್ದೆಯಾದ ಜಾಗ ಎರಡೂ ಒಂದನ್ನೇ ತೋರಿಸುತ್ತವೆ. ಬಕೆಟ್ಟಿನಲ್ಲಿ ಆಳವಿಲ್ಲವಲ್ಲ ಅನ್ನಬೇಡಿ, ಸೋರಿಕೆ ಆಗುವುದೇ ಮೇಲ್ಮಟ್ಟದಲ್ಲಿ. ಬಾಗಿಲಿನ ಉಂಗುರ ಸರಿಯಿದ್ದೂ ಸೋರಿದರೆ ಗುಂಡಿಯ ಕಡ್ಡಿ ಒಳಹೋಗುವ ತೂತಿನ ಪುಟ್ಟ ಓ-ರಿಂಗ್ ಮೇಲೆ ಅನುಮಾನ. ಅಲ್ಲಿ ಉಪ್ಪಿನ ಹರಳು ಸಿಕ್ಕಿ ಗುಂಡಿ ಒತ್ತಿದರೆ ಮೇಲೇಳುವುದಿಲ್ಲ. ಅದನ್ನು ಬಿಚ್ಚಿ ಬದಲಿಸುವುದು ತರಬೇತಾದವರ ಕೈಗೆ ಸೇರಿದ್ದು. ಒಡೆದ ಮೈಗೆ ಎಂ-ಸೀಲ್ ಮೆತ್ತಿ, ಅಂಟು ಸುರಿದು ಕಡಲಿಗೆ ಇಳಿಸುವವರಿದ್ದಾರೆ. ಬಿರುಕು ಬಿಟ್ಟ ಪಾಲಿಕಾರ್ಬೊನೇಟ್ ಕವಚಕ್ಕೆ ರಿಪೇರಿ ಇಲ್ಲ, ಅದನ್ನು ಕೈಬಿಡಬೇಕು.

ಹೌಸಿಂಗಿನೊಳಗಿನ ಗಾಳಿಯನ್ನು ಕೈಪಂಪಿನಿಂದ ಹೊರಗೆಳೆದು, ಒತ್ತಡ ಹಾಗೇ ನಿಲ್ಲುತ್ತದೆಯೇ ಎಂದು ದೀಪದ ಬಣ್ಣದಿಂದ ತಿಳಿಸುವ ವ್ಯಾಕ್ಯೂಮ್ ಸಲಕರಣೆ ಈಗ ಬಂದಿದೆ. ಹಸಿರು ದೀಪ ರಾತ್ರಿಯಿಡೀ ಉಳಿದರೆ ಬೆಳಿಗ್ಗೆ ನಿಶ್ಚಿಂತೆಯಿಂದ ಇಳಿಯಬಹುದು. ಒಳಗಿನ ಗಾಳಿಯ ಕೊರತೆಯಿಂದ ಮುಚ್ಚಳ ದಡದಲ್ಲೇ ಬಿಗಿಯಾಗಿ ಕೂತಿರುತ್ತದೆ, ಮೇಲ್ಮಟ್ಟದ ಸೋರಿಕೆಯ ಭಯವೂ ತಗ್ಗುತ್ತದೆ. ದುಬಾರಿ ಕ್ಯಾಮೆರಾ ಇಳಿಸುವವರು ಲೆನ್ಸಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಒಳಗೂ ಹೊರಗೂ ಒತ್ತಡದ ಆಟ ಆಡುವ ಉಪಾಯ ಹೊಸದಲ್ಲ. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡಲಿನಲ್ಲಿ ನೀರಡಿಯ ಚಿತ್ರ ತೆಗೆದ ಲೂಯಿ ಬೂತಾಂ, ತನ್ನ ಕ್ಯಾಮೆರಾ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬುಗ್ಗೆ ಜೋಡಿಸಿದ್ದ. ಆಳದ ನೀರು ಬುಗ್ಗೆಯನ್ನು ಅಮುಕಿ ಪೆಟ್ಟಿಗೆಯೊಳಗೂ ಹೊರಗಿನಷ್ಟೇ ಒತ್ತಡ ತರುತ್ತಿತ್ತು.

ಕಡಲಿನಿಂದ ಯಾಣಕ್ಕೆ

ಎರಡು ದಿನದ ರಜೆಯಲ್ಲಿ ಬರುವವರ ದಾರಿ ಹೆಚ್ಚುಕಡಿಮೆ ಒಂದೇ. ಒಂದು ದಿನ ಮುರ್ಡೇಶ್ವರ, ನೇತ್ರಾಣಿ. ಮರುದಿನ ಹೊನ್ನಾವರ, ಕುಮಟಾ ದಾಟಿ ಕಾಡಿನೊಳಗೆ ಯಾಣ, ಅಲ್ಲಿಂದ ವಿಭೂತಿ ಜಲಪಾತ. ಕಡಲಿನಲ್ಲಿ ಉಳಿದುಬಂದ ಹೌಸಿಂಗ್ ಕೆಡುವುದು ಈ ದಾರಿಯಲ್ಲಿ. ಉಪ್ಪುನೀರಿನ ಕ್ಯಾಮೆರಾವನ್ನು ಹಾಗೇ ಚೀಲಕ್ಕೆ ತುರುಕಿ ಕಾರಿನ ಡಿಕ್ಕಿಗೆ ಹಾಕಿದರೆ ರಾತ್ರಿಯೊಳಗೆ ನೀರು ಆರಿ, ಗುಂಡಿಗಳ ಬುಡದಲ್ಲಿ, ಕೊಂಡಿಯ ಸಂದಿನಲ್ಲಿ ಉಪ್ಪು ಹರಳುಗಟ್ಟುತ್ತದೆ. ಆ ಹರಳಿನ ಚೂಪು ಅಂಚು ಮುಂದಿನ ಸಲ ಗುಂಡಿ ಒತ್ತಿದಾಗ ರಬ್ಬರನ್ನು ಕೊಯ್ಯುತ್ತದೆ. ದಡ ಸೇರಿದ ಕೂಡಲೇ ಮುಚ್ಚಿದ ಹೌಸಿಂಗನ್ನು ಅರ್ಧ ತಾಸು ಸಿಹಿನೀರಿನಲ್ಲಿ ನೆನೆಹಾಕಿ, ನೀರಿನೊಳಗೇ ಗುಂಡಿಗಳನ್ನು ಒತ್ತಿ ಬಿಡಬೇಕು. ನಲ್ಲಿಯಡಿ ಒಂದು ಕ್ಷಣ ಹಿಡಿದು ತೆಗೆದರೆ ಮೇಲಿನ ಉಪ್ಪಷ್ಟೇ ಹೋಗುತ್ತದೆ.

ಯಾಣದ ಶಿಖರಗಳು, 120 ಮೀಟರಿನ ಭೈರವೇಶ್ವರ ಮತ್ತು 90 ಮೀಟರಿನ ಮೋಹಿನಿ, ಸುಣ್ಣದಕಲ್ಲಿನವು. ಆ ಕಪ್ಪು ಬಂಡೆಗಳ ಸಂದುಗೊಂದುಗಳನ್ನು ಕೊರೆದದ್ದು ಮಳೆಯ ನೀರೇ. ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಸುಣ್ಣದ ನಾಡಿನ ಹೊಳೆಯಲ್ಲಿ ನುಣ್ಣನೆಯ ಹೂಳಿರುತ್ತದೆ. ವಿಭೂತಿಯ ಗುಂಡಿಯಲ್ಲಿ ಕ್ಯಾಮೆರಾ ಆಡಿಸಿ, ತಿಳಿನೀರಲ್ಲವೇ ಎಂದು ತೊಳೆಯದೆ ಬಿಟ್ಟರೆ ಆ ಹೂಳು ಕಾಲುವೆಯಲ್ಲಿ ಕೂರುತ್ತದೆ. ಧಾರೆಯ ಕೆಳಗೆ ನೇರ ಹಿಡಿಯುವುದೂ ತಪ್ಪು. ಹೌಸಿಂಗ್ ನಿಂತ ನೀರಿನ ಸಮ ಒತ್ತಡಕ್ಕೆ ಮಾಡಿದ್ದು, ಮೇಲಿನಿಂದ ಅಪ್ಪಳಿಸುವ ನೀರು ಮುಚ್ಚಳದ ಒಂದೇ ಅಂಚನ್ನು ಅಲುಗಿಸುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿ ಬಂದ್. ಆ ನಾಲ್ಕು ತಿಂಗಳು ಕಪಾಟಿನಲ್ಲಿ ಬಿಗಿಯಾಗಿ ಮುಚ್ಚಿಟ್ಟ ಹೌಸಿಂಗಿನ ಓ-ರಿಂಗ್ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ, ಮತ್ತೆ ದುಂಡಗಾಗುವುದಿಲ್ಲ. ಉಂಗುರ ಬಿಚ್ಚಿ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹೌಸಿಂಗನ್ನು ಕೊಂಡಿ ಹಾಕದೆ ಇಡಿ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕ್ಯಾಮೆರಾವನ್ನು ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಬಾಗಿಲಿನ ಉಂಗುರವನ್ನು ವರ್ಷಕ್ಕೊಮ್ಮೆ ಹೊಸದು ಹಾಕುವುದಕ್ಕೆ ಅಕ್ಟೋಬರ್ ತಕ್ಕ ತಿಂಗಳು. ಆ ಹಂಗಾಮಿನ ಮೊದಲ ಇಳಿತಕ್ಕೆ ಒಳಗೆ ಕ್ಯಾಮೆರಾ ಬೇಡ, ಒಣ ಟಿಶ್ಯೂ ಮಾತ್ರ ಇರಲಿ. ವಿಮಾನದಲ್ಲಿ ಬರುವವರೂ ಉಂಗುರ ತೆಗೆದೇ ತರುವುದು ಒಳ್ಳೆಯದು. ಮುಚ್ಚಿ ತಂದರೆ ಒತ್ತಡದ ವ್ಯತ್ಯಾಸಕ್ಕೆ ಬಾಗಿಲು ಕಚ್ಚಿಕೊಂಡು ತೆರೆಯುವುದೇ ಕಷ್ಟವಾಗುತ್ತದೆ.

ಇಷ್ಟೆಲ್ಲ ಮುತುವರ್ಜಿ ಒಂದು ಯಂತ್ರಕ್ಕೇಕೆ ಅಂತ ಕೇಳಬಹುದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಈ ನಡುಗಡ್ಡೆಯ ಬುಡದಲ್ಲಿ ಏನುಳಿದಿದೆ, ಹವಳ ಬಿಳಚಿದೆಯೇ, ಹರಿದ ಬಲೆ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ವಿಜ್ಞಾನಿಗಳು ವರ್ಷವಿಡೀ ಅಲ್ಲಿ ಇಳಿದಿರಲೂ ಆಗದು. ಒಂದೇ ಬಂಡೆಯ ಚಿತ್ರವನ್ನು ಪ್ರತಿವರ್ಷ ಅಕ್ಟೋಬರ್‌ನಲ್ಲಿ, ದಿನಾಂಕ ಸಮೇತ ತೆಗೆದಿಟ್ಟರೆ ಅದೇ ಆ ಹವಳದ ದಾಖಲೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ಹವಳಗಳಿಗೆ ನಾಲ್ಕನೇ ಮಹಾ ಬಿಳಚು ತಗುಲಿದೆ ಎಂದು ಘೋಷಿಸಿದ ಮೇಲಂತೂ ಇಂಥ ಚಿತ್ರಗಳ ಬೆಲೆ ಹೆಚ್ಚಿದೆ. ಒಂದು ಕೂದಲಿನಿಂದಾಗಿ ಅವು ನೀರುಪಾಲಾಗಬಾರದು.

ಮೊದಲ ಸಲ ಸ್ಕೂಬಾಕ್ಕೆ ಇಳಿಯುವವರು ಕ್ಯಾಮೆರಾವನ್ನು ದಡದಲ್ಲೇ ಬಿಡಿ. ಉಸಿರು, ಕಿವಿ, ತೇಲುವಿಕೆ ಇಷ್ಟರ ಮೇಲೆ ಮಾತ್ರ ಗಮನವಿರಲಿ, ಚಿತ್ರ ತೆಗೆಯಲು ತರಬೇತುದಾರರಿದ್ದಾರೆ. ತಮ್ಮದೇ ಕ್ಯಾಮೆರಾ ತರುವಷ್ಟು ಪಳಗಿದವರು ಎರಡು ಬಿಡಿ ಓ-ರಿಂಗ್ ಜೊತೆಗಿಟ್ಟುಕೊಳ್ಳಿ, ಚಿತ್ರದ ಆಸೆಗೆ ಹವಳದ ಮೇಲೆ ಮೊಣಕಾಲು ಊರಬೇಡಿ. ಮುರ್ಡೇಶ್ವರದಿಂದ ಬೋಟು ಬಿಡುವವರಲ್ಲಿ ಒಂದು ವಿನಂತಿ: ಮಾಸ್ಕು, ವೆಟ್‌ಸೂಟು ಅದ್ದುವ ಡ್ರಮ್ಮಿನಲ್ಲೇ ಕ್ಯಾಮೆರಾಗಳನ್ನೂ ಹಾಕಿಸಿ ಒಂದಕ್ಕೊಂದು ಬಡಿಯುವಂತೆ ಮಾಡಬೇಡಿ. ಕ್ಯಾಮೆರಾಗೆಂದೇ ಸಿಹಿನೀರಿನ ಒಂದು ಪ್ರತ್ಯೇಕ ಟಬ್ ಪ್ರತಿ ಬೋಟಿನಲ್ಲೂ ಇಡಿ.